ದಿನಾ ಬರುವ ಓದುಗ

ಹೊಲಿಗೆ ಯಂತ್ರಗಳ ಬಗ್ಗೆ ನಮ್ಮದೊಂದು ವೆಬ್‌ಸೈಟ್. ಅದರ ಚರ್ಚಾ ವೇದಿಕೆಯಲ್ಲಿ ದಾರ ಯಾಕೆ ತುಂಡಾಗುತ್ತದೆ ಎಂದು ಒಬ್ಬರು ಕೇಳಿದರೆ ಹತ್ತು ಜನ ಉತ್ತರಿಸಿ, ಆಮೇಲೆ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ಸೂಜಿಗೆ ದಾರ ಪೋಣಿಸಿಯೂ ಗೊತ್ತಿಲ್ಲದ ಹೊಸ ಮ್ಯಾನೇಜರಿಗೆ ಅದು ಸಂತೆಯಂತೆ ಕಂಡಿತು.

"ಬರೀ ಹರಟೆ ರೀ! ಜನ ಬರೋದು ನನ್ನ ಲೇಖನ ಓದೋಕೆ," ಎಂದು ವೇದಿಕೆಗೆ ಬೀಗ ಜಡಿದರು.

ಜಗಳಗಂಟರೆಲ್ಲ ದರ್ಜಿ ಅಕ್ಕನೊಬ್ಬಳು ಶುರು ಮಾಡಿದ ವಾಟ್ಸಾಪ್ ಗುಂಪಿಗೆ ಗುಳೆ ಹೋದರು. ಸಾಹೇಬರ ಲೇಖನಗಳು ನೊಣ ಹೊಡೆಯುತ್ತ ಕುಳಿತವು.

ಆದರೂ ಮೀಟಿಂಗಿನಲ್ಲಿ ಎದೆಯುಬ್ಬಿಸಿ ಹೇಳಿದರು: "ನೋಡ್ರೀ, ಒಬ್ಬ ಮಾತ್ರ ದಿನಾ ಬಂದು ನನ್ನ ಎಲ್ಲಾ ಲೇಖನ ತೆರೀತಾನೆ. ಯಾರು ಅಂತ ಹುಡುಕಿ, ಅವನಿಗೊಂದು ಬಹುಮಾನ ಕಳಿಸಿ."

ಯಾವ ಕಂಪ್ಯೂಟರಿನಿಂದ ಬರುತ್ತಾನೆಂದು ಹುಡುಕಿದೆ.

"ಎಲ್ಲಿಗೆ ಕಳಿಸ್ಲಿ ಸಾರ್," ಎಂದೆ, "ನಿಮ್ಮ ಮೇಜಿಗೋ, ಮನೆಗೋ?"