ಬಟ್ಟಲ ತಳದ ಹೆಸರು

ಬಂತು, ಆ ಕನ್ನಡಕದವರ ಕೈಗೆ ಬಂತು ತಟ್ಟೆ, ಅಲ್ಲ, ಇನ್ನೂ ಹಸಿರು ರೇಷ್ಮೆಯವಳ ಹತ್ತಿರವೇ ಇದೆ, ಮೂಸಿ ನೋಡುತ್ತಿದ್ದಾಳೆ, ಕೊಬ್ಬರಿಯನ್ನು ಯಾರಾದರೂ ಮೂಸುತ್ತಾರಾ, ತಿಪಟೂರು ಸೀಮೆಯಲ್ಲಿ ಹುಟ್ಟಿ ಕೊಬ್ಬರಿ ಕಂಡಿಲ್ಲವಾ ಇವಳು — ಮೂಸಲಿ, ಮೂಸಿದರೆ ಏನೂ ಇಲ್ಲ, ತಿರುಗಿಸಿ ಮಾತ್ರ ನೋಡಬೇಡ ತಾಯಿ, ಇಲ್ಲ, ನೋಡು, ನೋಡೇಬಿಡು, ಹೀಗೆ ಕಾಯುವುದು ನನ್ನ ಕೈಲಾಗುವುದಿಲ್ಲ. ಮದುವೆ ಹುಡುಗಿಯ ಮಡಿಲು ತುಂಬುವ ಮೊದಲು ತಟ್ಟೆ ಹೆಂಗಸರ ಸಾಲಿನಲ್ಲಿ ಒಂದು ಸುತ್ತು ಹೋಗಬೇಕು, ಎಲ್ಲರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಹೋಗುತ್ತಿದೆ, ನಾನು ಕೆತ್ತಿದ ಕೊಬ್ಬರಿ ಬಟ್ಟಲುಗಳು ಕೈಯಿಂದ ಕೈಗೆ ಹೋಗುತ್ತಿವೆ, ಅಯ್ಯೋ ಎಷ್ಟು ಚೆಂದ ಕಣ್ರೀ, ಹೂವಿನ ಎಸಳು ನೋಡ್ರೀ, ಅನ್ನುತ್ತಿದ್ದಾರೆ, ಜಮಖಾನದ ಮೇಲೆ ಕೂತಿದ್ದೇನೋ ಬೆಂಕಿಯ ಮೇಲೆ ಕೂತಿದ್ದೇನೋ ಗೊತ್ತಾಗುತ್ತಿಲ್ಲ. ಪಕ್ಕದಲ್ಲಿ ಅತ್ತೆ, ಶಿವರುದ್ರಮ್ಮನವರು, ಕಣ್ಣಿಗೆ ಪೊರೆ ಬಂದು ಎದುರಿಗಿರುವವರು ಬರೀ ನೆರಳು, ಆದರೂ ತಟ್ಟೆ ಎಲ್ಲಿಗೆ ಬಂತೇ, ಎಲ್ಲಿಗೆ ಬಂತೇ, ಅಂತ ಮೊಣಕೈಯಲ್ಲಿ ತಿವಿಯುತ್ತಲೇ ಇದ್ದಾರೆ. ಬರುತ್ತಿದೆ ಸುಮ್ಮನಿರಿ ಅತ್ತೆ. ಆಚೆ ಕಂಬಕ್ಕೆ ಒರಗಿ ಭಾವ, ನನ್ನ ಗಂಡನ ಅಣ್ಣ, ಪಕ್ಕದಲ್ಲಿ ಹುಡುಗಿಯ ಅಪ್ಪ, ಅರಳಗುಪ್ಪೆಯವರು, ಅವರ ತೋಟದ ಕೊಬ್ಬರಿಯೆಲ್ಲ ಭಾವನ ಮಂಡಿಗೇ ಮಾರಾಟಕ್ಕೆ ಬರುವುದು, ಅದಕ್ಕೇ ಈ ತಟ್ಟೆಯ ಉಡುಗೊರೆ, ಅದಕ್ಕೇ ಈ ಹಲ್ಲು ಕಿರಿಯುವುದು, ನಮ್ಮ ಮಂಡೀದೇ ಕಣ್ರೀ, ಸ್ಪೆಷಲ್ಲಾಗಿ ಮಾಡ್ಸಿದ್ದು. ಮಾಡಿಸಿದರಂತೆ! ಕೆತ್ತಿ ಕೆತ್ತಿ ಹೆಬ್ಬೆರಳು ಸೀಳಿದ್ದು ಯಾರದು ಸ್ವಾಮಿ.

ನಡುವಿನ ಬಟ್ಟಲ ತಳದಲ್ಲಿ ನನ್ನ ಹೆಸರಿದೆ. ಕಂದು ಸಿಪ್ಪೆಯನ್ನು ಕೊಡೆಕಡ್ಡಿಯ ಮೊನೆಯಲ್ಲಿ ಕೆರೆದು ಕೆರೆದು ಬಿಳಿಯಾಗಿ ಎಬ್ಬಿಸಿದ ಅಕ್ಷರ, ಗುರುಶಾಂತಮ್ಮ, ತಿಪಟೂರು, ಭಾವನಿಗೆ ಗೊತ್ತಿಲ್ಲ, ಗೊತ್ತಾದರೆ ಮುಗಿಯಿತು, ಅಟ್ಟದ ಏಣಿ ತೆಗೆಸಿಬಿಡುತ್ತಾರೆ. ಅವರ ಅಟ್ಟದ ಕಾಯಿ ಬಿಟ್ಟರೆ ನನಗೆ ಗತಿಯಿಲ್ಲ, ವರ್ಷವಿಡೀ ಅಟ್ಟದ ಮೇಲೆ ಬಿದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು, ಅಂಥ ಗಿಟುಕು ಬೇಕು ನನ್ನ ಕೆಲಸಕ್ಕೆ, ಅರೆಒಣಗಿದ್ದರಲ್ಲಿ ಕೆತ್ತಿದರೆ ನಾಲ್ಕು ದಿನಕ್ಕೆ ಮುದುರಿ ಹೂವೆಲ್ಲ ಸೊಟ್ಟ. ಅವತ್ತು ಭಾವ ಮಂಡಿಯಲ್ಲಿ ಕೂರಿಸಿಕೊಂಡು ಎಷ್ಟು ನಯವಾಗಿ ಹೇಳಿದರು, ನೋಡಮ್ಮ, ಬಸ್ ಸ್ಟ್ಯಾಂಡ್ ಮುಂದೆ ಮಳಿಗೆ ಹಿಡ್ದಿದ್ದೀಯಂತೆ, ಬೋರ್ಡು ಬೇರೆ ಬರ್ಸಿದ್ದೀಯಂತೆ, ನಮ್ಮನೆ ಹೆಣ್ಮಗಳು ಬೀದೀಲಿ ಕೂತು ಯಾಪಾರ ಮಾಡೋದಾ, ಅದೆಲ್ಲ ಬುಡು, ನೀನು ಮನೇಲೇ ಕೂತ್ಕಂಡು ಕೊರಿ, ಮಂಡಿ ಹೆಸ್ರಲ್ಲಿ ನಾನು ನಡುಸ್ತೀನಿ. ಸಂಜೆ ಇವರ ಹತ್ತಿರ ಹೇಳಿದರೆ, ನಿನ್ನಿಷ್ಟ ಕಣೇ, ಅಣ್ಣನ ಮುಂದೆ ಮಾತ್ರ ನನ್ನ ಎಳೀಬೇಡ — ಆಯಿತಲ್ಲ, ಗಂಡ ಅನ್ನಿಸಿಕೊಂಡವನ ಧೈರ್ಯ. ಬೋರ್ಡು ಗೋಣಿಚೀಲ ಸುತ್ತಿಕೊಂಡು ಮಂಚದ ಕೆಳಗೆ ಮಲಗಿದೆ, ಗುರುಶಾಂತಮ್ಮ ಕೊಬ್ಬರಿ ಕುಸುರಿ ಕೇಂದ್ರ, ಇವತ್ತು ಈ ಸಾಲಿನಲ್ಲಿ ಯಾರಾದರೂ ನನ್ನ ಹೆಸರು ಓದಿ ನಮಗೂ ಬೇಕಲ್ಲಾ ಅಂದರೆ ನಾಳೆಯೇ ಮೊಳೆ ಹೊಡೆಸುತ್ತೇನೆ, ಯಾರೂ ಅನ್ನಲಿಲ್ಲವೋ, ಆ ಗೋಣಿಚೀಲ ಬಿಚ್ಚುವುದೇ ಬೇಡ. ಅತ್ತೆಯ ಹಾಗೆ ಆಗಲಾರೆ ನಾನು. ಎಷ್ಟು ಮದುವೆಗೆ ಕೆತ್ತಿಕೊಟ್ಟಿಲ್ಲ ಅವರು, ತುರುವೇಕೆರೆಯಿಂದ ಹುಳಿಯಾರಿನವರೆಗೆ ನೆಂಟರು ಅಂದವರಿಗೆಲ್ಲ, ಶಿವರುದ್ರಮ್ಮಾ ನಿಮ್ಮ ಕೈಲಿ ಒಂದು ಜೊತೆ ಆಗ್ಬೇಕಲ್ಲಾ, ಅಂದರೆ ಸಾಕು ಒಲೆ ಮುಂದಿನ ಕೆಲಸ ಬಿಟ್ಟು ಕೂರುವವರು, ಬದಲಿಗೆ ಒಂದು ರವಿಕೆ ಕಣ, ಎಲೆ ಅಡಿಕೆ, ಪೆಟ್ಟಿಗೆ ತುಂಬ ಹೊಲಿಸದ ರವಿಕೆ ಕಣಗಳು, ಯಾವ ಮದುವೆ ಮನೆಯಲ್ಲೂ ಯಾರು ಕೆತ್ತಿದ್ದು ಅಂತ ಒಬ್ಬರೂ ಕೇಳಲಿಲ್ಲ. ನಾನು ಹೊಸದಾಗಿ ಬಂದಾಗ ಹಿತ್ತಿಲಲ್ಲಿ ನನ್ನ ಕೈ ಮೇಲೆ ಕೈಯಿಟ್ಟು ಕಲಿಸಿದವರು ಅವರೇ, ಕೈ ತಿರುಗುಸ್ಬೇಡ ಕಣೇ, ಬಟ್ಲು ತಿರುಗ್ಸು, ಕೈ ಹಂಗೇ ಇರ್ಲಿ — ಆಗ ಅವರ ಕಣ್ಣು ಎಷ್ಟು ಚುರುಕು, ಕೂದಲೆಳೆಯಷ್ಟು ಗೀರು ಜಾಸ್ತಿಯಾದರೂ ಬೆರಳಿನ ಗಂಟಿಗೆ ಪಟ್ ಅಂತ ಹೊಡೆಯುವವರು.

ಕನ್ನಡಕದವರ ಕೈಗೆ ಬಂತು. ಗಿರಿಜಾಂಬಿಕಾ ಮೇಡಂ, ಹುಡುಗಿಯ ಸೋದರತ್ತೆ, ಹೈಸ್ಕೂಲಿನಲ್ಲಿ ಪಾಠ ಮಾಡುವವರು, ಯಾವುದನ್ನೂ ಸುಮ್ಮನೆ ದಾಟಿಸುವವರಲ್ಲ, ಕನ್ನಡಕ ಮೇಲೇರಿಸಿದರು, ನಡುವಿನದನ್ನೇ ಎತ್ತಿದರು, ಓಲಗದವರು ಇದೇ ಹೊತ್ತಿಗೆ ನಿಲ್ಲಿಸಬೇಕಾ, ತಿರುಗಿಸಿದರು. ಇದೇನ್ರೀ ಬರ್ದಿದೆ ಇಲ್ಲಿ, ಗು-ರು-ಶಾಂ-ತಮ್ಮ, ತಿಪಟೂರು, ಯಾರ್ರೀ ಇದು ಗುರುಶಾಂತಮ್ಮ? ಇಡೀ ಸಾಲು ಆ ಕಡೆ ತಿರುಗಿತು, ಭಾವನ ಮುಖದ ನಗು ಹಾಗೇ ನಿಂತುಬಿಟ್ಟಿತು, ಆಮೇಲೆ ಕೆಮ್ಮಿದರು, ನಮ್ಮ ಮಂಡಿ ಕಡೆಯೋರೇ ಕಣ್ರೀ, ಕೆಲ್ಸದೋರು ಏನೋ ಗೀಚಿರ್ತಾರೆ ಬುಡಿ. ಕೆಲಸದವರು. ಗೀಚಿರುತ್ತಾರೆ. ಕಾಲು ತಾನಾಗಿ ಎದ್ದಿತೋ ನಾನೇ ಎದ್ದೆನೋ, ಸೆರಗು ಜಾರಿದ್ದೂ ತಿಳಿಯಲಿಲ್ಲ, ನಾನೇ ಕಣ್ರೀ ಮೇಡಂ, ಗುರುಶಾಂತಮ್ಮ ಅಂದ್ರೆ ನಾನೇ, ಅಷ್ಟನ್ನೂ ನಾನೇ ಕೆತ್ತಿದ್ದು, ಬಸ್ ಸ್ಟ್ಯಾಂಡ್ ಎದುರಿಗೆ ಮಳಿಗೆ ಐತೆ, ನಾಳೆಯಿಂದ ತೆಗ್ದಿರ್ತೀನಿ — ಹೇಳಿದೆ, ಹೇಳಿಯೇಬಿಟ್ಟೆ. ಭಾವ ನನ್ನನ್ನು ನೋಡಿದ ನೋಟಕ್ಕೆ ಅಟ್ಟದ ಏಣಿ ಸರಿದಿದ್ದು ಕಣ್ಣಿಗೆ ಕಟ್ಟಿತು, ಸರಿಯಲಿ, ಚಿಕ್ಕನಾಯಕನಹಳ್ಳಿ ಸಂತೆಗೆ ಹೋಗಿ ಗಿಟುಕು ತರುತ್ತೇನೆ, ಕಂದಿಕೆರೆಯ ತೋಟದವರ ಕಾಲು ಹಿಡಿದು ತರುತ್ತೇನೆ. ಅಲ್ರೀ, ಇಷ್ಟು ಹತ್ರ ಇದ್ದೀರಾ, ನಮ್ಮ ಹುಡುಗೀ ಮದ್ವೆ ಮಾಗಿ ಕಳೆದ ಮೇಲೆ ಇದೆ, ಬತ್ತೀನಿ ನಿಮ್ಮಲ್ಲಿಗೆ, ಇದು ಮೇಡಂ ಪಕ್ಕದವರು. ನಮಗೂ ಹೇಳಿ, ಇದು ಹಸಿರು ರೇಷ್ಮೆ. ಕೂತೆ. ಗೆದ್ದೆ, ಗೆದ್ದುಬಿಟ್ಟೆ ಕಣೇ ಗುರುಶಾಂತಿ, ಅಳು ಬರುತ್ತಿದೆ ಯಾಕೆ, ಮದುವೆ ಮನೆಯಲ್ಲಿ ಅಳಬಾರದು, ನಗು.

ತಟ್ಟೆ ನಮ್ಮ ಹತ್ತಿರಕ್ಕೇ ಬಂತು. ಅತ್ತೆ ಕೈಚಾಚಿ ತಡಕಿ, ಸುತ್ತಲಿನವನ್ನೆಲ್ಲ ಬಿಟ್ಟು ನಡುವಿನ ಬಟ್ಟಲನ್ನೇ ತೆಗೆದುಕೊಂಡರು, ತಿರುಗಿಸಿದರು, ಕೈ ಅಲ್ಲಾಡಲಿಲ್ಲ, ಬಟ್ಟಲೇ ತಿರುಗಿತು, ನನ್ನ ಕಿವಿಯ ಹತ್ತಿರ ಬಗ್ಗಿದರು, ಬೈಯುತ್ತಾರೆ ಅಂದುಕೊಂಡೆ, ಮರ್ಯಾದೆ ತೆಗ್ದೆ ಅನ್ನುತ್ತಾರೆ ಅಂದುಕೊಂಡೆ, ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಒಳ್ಳೆ ಕೆಲ್ಸ ಮಾಡ್ದೆ ಕಣೇ, ಅಂದರು. ಮುಖ ಅರಳಿದೆ, ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ ಅಂಥ ಮುಖ. ನಿನ್ನೆಸ್ರು ಓದಿದ್ರು, ಕೇಳುಸ್ತು. ನಂದು ಓದ್ಲಿಲ್ಲ ಆ ಮೇಡಮ್ಮು, ಓಲಗ ಶುರುವಾಯ್ತಲ್ಲ ಅದ್ಕೇನೋ. ನಂದು ಯಾವ್ದೇ ಇದ್ರಲ್ಲಿ, ತೋರ್ಸೇ. ಅಕ್ಷರ ಕಲಿತವರಲ್ಲ ಅತ್ತೆ, ಹೆಬ್ಬೆರಳನ್ನು ತಳಕ್ಕೆ ಒತ್ತಿ ಸವರುತ್ತಿದ್ದಾರೆ, ಕೆರೆದ ಗೀರಿನ ಮೇಲೆ ಮೆಲ್ಲಗೆ, ಗು ಮೇಲೆ ನಿಂತಿತು, ಇದಾ? ಓಲಗ ಜೋರಾಗುತ್ತಿದೆ, ಯಾರೋ ತಟ್ಟೆ ಕೊಡ್ರಮ್ಮ ಹೊತ್ತಾಯ್ತು ಅನ್ನುತ್ತಿದ್ದಾರೆ, ಬೆರಳು ಸರಿಯಿತು, ಶಾಂ ಮೇಲೆ ನಿಂತಿತು, ಇದಾ? ನಾನು ಕೆರೆದದ್ದು ನನ್ನ ಹೆಸರೊಂದೇ, ಬೆರಳು ಮತ್ತೆ ಸರಿಯಿತು, ತಿಪಟೂರಿನ ರು ದಾಟಿ ಏನೂ ಬರೆಯದ ಕಡೆಗೆ ಹೋಯಿತು, ಅಲ್ಲೇ ಸುತ್ತುತ್ತಿದೆ, ನುಣ್ಣಗಿನ ಸಿಪ್ಪೆಯ ಮೇಲೆ ಹುಡುಕುತ್ತಿದೆ, ಇದಾ ಕಣೇ, ಇದಾ