ಬೀಗರ ಬಿ.ಪಿ.

ಮಧುವನಹಳ್ಳಿಯ ಮಲ್ಲಿಕಾರ್ಜುನಸ್ವಾಮಿಗೆ ಹಾವು ಕಂಡರೆ ಹೆದರಿಕೆಯಿಲ್ಲ. ಹೆಂಡತಿ ದೊಡ್ಡಬಸಮ್ಮನನ್ನು ಕಂಡರೆ ಅಷ್ಟಿಷ್ಟು. ಬಿ.ಪಿ. ನೋಡಲು ತೋಳಿಗೆ ಸುತ್ತುವ ಆ ಪಟ್ಟಿ ಕಂಡರೆ ಮಾತ್ರ ಜೀವವೇ ಹೋಗುತ್ತಿತ್ತು. ಕಾರಣವಿಲ್ಲದೆ ಅಲ್ಲ. ಅಣ್ಣ ಪ್ರಭುಸ್ವಾಮಿಯೂ ಹೀಗೇ ಡಾಕ್ಟರಿಂದ ತಪ್ಪಿಸಿಕೊಂಡು ತಿರುಗಿ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಕುಸಿದಿದ್ದ. ಈಗ ಬಲಗೈ ಏಳುವುದಿಲ್ಲ, ತುಟಿ ಒಂದು ಕಡೆಗೆ ಜೋತಿದೆ. ಅವನಿಗೆ ದಿನಾ ಗಂಜಿ ಕುಡಿಸುವವನು ಈ ತಮ್ಮನೇ. ಕುಡಿಸುವಾಗೆಲ್ಲ ತನ್ನ ತಲೆಯೂ ಧಿಮ್ಮೆನ್ನುವುದು ಅವನಿಗೆ ಗೊತ್ತಾಗುತ್ತಿತ್ತು.

ಆದರೆ ಮಗಳು ಶೃತಿಯ ಮದುವೆ ಮಾತುಕತೆ ನಡೆಯುತ್ತಿತ್ತಲ್ಲ! ಕೊಳ್ಳೇಗಾಲದ ಆಸ್ಪತ್ರೆ ಬಾಗಿಲಲ್ಲಿ ಯಾರಾದರೂ ತನ್ನನ್ನು ಕಂಡರೆ ಸಾಕು, ಸುದ್ದಿ ಹನೂರು ಮುಟ್ಟುತ್ತದೆ, ಆ ವಂಶಕ್ಕೇ ಲಕ್ವ ಎಂದು ಗಂಡಿನ ಕಡೆಯವರು ಕೈಕೊಡುತ್ತಾರೆ ಎಂಬುದು ಅವನ ಲೆಕ್ಕ. ಬುದ್ಧಿವಂತಿಕೆ ಎಂದರೆ ಇದು ನೋಡಿ. ಡಾಕ್ಟರಿಗೆ ತೋರಿಸಿ ಎಂದು ಹೇಳಿ ಹೇಳಿ ಸಾಕಾಗಿ ದೊಡ್ಡಬಸಮ್ಮ ಮಾತು ಬಿಟ್ಟಳು. ಅದಕ್ಕೂ ಜಗ್ಗದಿದ್ದಾಗ ಉಪ್ಪಿಲ್ಲದ ಸಾರು ಬಡಿಸತೊಡಗಿದಳು. ಬಿ.ಪಿ.ಗೆ ಅದೇ ಒಳ್ಳೆಯದೆಂದು ಗಂಡನಿಗೂ ತಿಳಿಯದು, ಹೆಂಡತಿಗೂ ತಿಳಿಯದು. ಕೊನೆಗೆ ಸೋತು, ತನ್ನ ಗುರುತು ಯಾರಿಗೂ ಇಲ್ಲದ ಯಳಂದೂರಿಗೆ ಬಸ್ಸು ಹತ್ತಿದ.

ಅಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್ ವಾಣಿಶ್ರೀ ಹೆಸರು ಕೇಳಿದಳು. ನಿಜವಾದ ಹೆಸರು ಹೇಳಲು ಅವನೇನು ದಡ್ಡನೇ? ಆದರೆ ಸುಳ್ಳು ಹೆಸರೊಂದನ್ನು ಯೋಚಿಸಿಕೊಂಡು ಬರಲು ಮರೆತಿದ್ದ. ಮನೆಯಲ್ಲಿ ಹಗಲೂ ರಾತ್ರಿ ಜಪವಾಗುತ್ತಿದ್ದ ಹೆಸರೇ ಬಾಯಿಗೆ ಬಂತು. ಗುರುಪಾದಸ್ವಾಮಿ, ಹನೂರು ಅಂದುಬಿಟ್ಟ. ಅದು ಗಂಡಿನ ಅಪ್ಪನ ಹೆಸರು.

ಬೆಂಚಿನಲ್ಲಿ ಕೂತು ಪಕ್ಕಕ್ಕೆ ತಿರುಗಿದರೆ, ತಲೆತುಂಬ ಟವೆಲ್ಲು ಹೊದ್ದ ಒಬ್ಬ ದಪ್ಪ ಮೀಸೆಯವನು. ಸಾಕ್ಷಾತ್ ಗುರುಪಾದಸ್ವಾಮಿ! ಇಬ್ಬರೂ ಬೆಚ್ಚಿದರು. ಯಾರೋ ಬೇಕಾದವರನ್ನು ನೋಡಲು ಬಂದೆ ಎಂದು ಇವನು, ನಾನೂ ಅಷ್ಟೇ ಎಂದು ಅವನು. ಆಮೇಲೆ ಇಬ್ಬರೂ ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ನೋಡುತ್ತ ಕೂತರು.

ಅಷ್ಟರಲ್ಲಿ ವಾಣಿಶ್ರೀ, ಹನೂರಿನ ಗುರುಪಾದಸ್ವಾಮಿ ಯಾರು ಎಂದು ಕೂಗಿದಳು. ನಿಜವಾದ ಗುರುಪಾದಸ್ವಾಮಿ ಕದ್ದು ಸಿಕ್ಕಿಬಿದ್ದವನಂತೆ ಎದ್ದು ನಿಂತ. ಮಲ್ಲಿಕಾರ್ಜುನಸ್ವಾಮಿ ತಡೆಯಲೆಂದು ಅರ್ಧ ಎದ್ದ. ಅವಳು ಬೀಗರನ್ನು ಒಳಗೆ ಕರೆದುಕೊಂಡು ಹೋಗಿಯೇಬಿಟ್ಟಳು.

ಪರದೆಯ ಆಚೆಯಿಂದ ಡಾಕ್ಟರಮ್ಮನ ದನಿ ಕೇಳಿತು. ನೂರ ಎಂಬತ್ತಿದೆ, ಇವತ್ತು ಬರದಿದ್ದರೆ ಯಾವತ್ತೋ ಒಂದು ದಿನ ಒಂದು ಕಡೆ ಸ್ವಾಧೀನ ತಪ್ಪಿ ಮಲಗುತ್ತಿದ್ದಿರಿ ಎಂದು ಅವರು ಗದರುತ್ತಿದ್ದರು.

ಹೊರಬಂದ ಗುರುಪಾದಸ್ವಾಮಿ ಇವನ ಕೈ ಹಿಡಿದುಕೊಂಡ. "ಬೀಗ್ರೆ, ಇದ್ನ ಯಾರ್ಗೂ ಯೋಳ್ಬ್ಯಾಡಿ. ರೋಗದ ಮನೆಗೆ ಎಣ್ಣು ಕೊಡಕಿಲ್ಲ ಅಂದ್ಬುಟ್ಟೀರಿ ಅಂತ್ಲೇ ಇಷ್ಟು ದೂರ ಬಂದು, ಎಸ್ರು ಕೊಡಕ್ಕೂ ದೈರ್ಯ ಇಲ್ದೆ ಕುಂತಿದ್ದೆ. ಆ ನರ್ಸಮ್ಮಂಗೆ ಎಂಗ್ ಗೊತ್ತಾಯ್ತೋ ಕಾಣೆ."

ಆಗಲಿ ಎಂದು ಎದ್ದುಬಿಟ್ಟಿದ್ದರೆ ಮುಗಿದಿತ್ತು. ಮಾನವೂ ಉಳಿಯುತ್ತಿತ್ತು, ತೋಳಿಗೆ ಪಟ್ಟಿಯೂ ತಪ್ಪುತ್ತಿತ್ತು. ಆದರೆ ಅಣ್ಣನ ಜೋತ ತುಟಿ ಕಣ್ಣಿಗೆ ಕಟ್ಟಿತು. ಅಳು ಬಂತು. ಇಷ್ಟು ದಿನ ಬೇರೆ ಏನೇನೋ ನೆಪ ಹೇಳಿದ್ದನಲ್ಲ, ಇದ್ದದ್ದು ಬರೀ ಭಯ.

"ನಿಮ್ಮೆಸ್ರು ಕೊಟ್ಟೋನು ನಾನೇ ಕಣ್ರಿ," ಅಂದ. "ಒಳಿಕ್ಕೆ ಓಗ್ಬೇಕಾಗಿದ್ದೋನೂ ನಾನೇ. ಅಣ್ಣನಂಗೆ ಆಗ್ಬುಟ್ರೆ ಅಂತ ಬಯ ಆಯ್ತದೆ."

ಗುರುಪಾದಸ್ವಾಮಿ ಇವನ ರಟ್ಟೆ ಹಿಡಿದು ಎಬ್ಬಿಸಿ, ತಾನೇ ಒಳಗೆ ಕರೆದೊಯ್ದು ಕೂರಿಸಿ, ಪಕ್ಕದಲ್ಲೇ ನಿಂತ. ವಾಣಿಶ್ರೀ ಗಾಳಿ ತುಂಬಿ, ಇಳಿಸಿ, ನೂರ ತೊಂಬತ್ತು ಎಂದಳು.

ಮಲ್ಲಿಕಾರ್ಜುನಸ್ವಾಮಿ ಪಟ್ಟಿ ಸುತ್ತಿದ ಕೈಯನ್ನೇ ಎತ್ತಿ ಮುಗಿದ. "ತಪ್ಪಾಯ್ತು ಬೀಗ್ರೆ. ಎಣ್ಣಿನ ಕಡೆಯೋರು ನಾವು, ನಿಮ್ಗಿಂತ ಮ್ಯಾಕೆ ಓಗ್ಬಾರ್ದಿತ್ತು."

ಗುರುಪಾದಸ್ವಾಮಿ ಮೀಸೆ ತೀಡುತ್ತ ಯೋಚಿಸಿದ. ಪಂಚಾಯ್ತಿಯಲ್ಲಿ ಕೂತವರು ಯೋಚಿಸುವಂತೆ ಸಾವಕಾಶವಾಗಿ.

"ಓಗ್ಲಿ ಬುಡಿ," ಅಂದ. "ಇಬ್ರೂವೆ ಮಾತ್ರೆ ನುಂಗಮ. ಮೊದ್ಲು ನೀವು ಇಳೀರಿ, ಆಮ್ಯಾಕೆ ನಾನು ಇಳೀತೀನಿ. ಮದ್ವೆ ದಿನ ಇಬ್ರೂ ನೆಟ್ಗೆ ನಿಂತಿರ್ಬೇಕು, ಅಷ್ಟೇಯ."