ತಾಮ್ರದ ಗುಂಡು, ಸೀಸದ ಧೂಳು

ಅಂಗಡಿಯಲ್ಲಿ ಸಿಗುವ ತೋಟಾ ಎಂದರೆ ಗಾರ್ಲಂಡ್ ಟ್ವೈಟ್ ಮೂಗು ಮುರಿಯುತ್ತಿದ್ದ. ಮನೆಯಲ್ಲೇ ಬೀಜ ಹುರಿದು ಪುಡಿ ಮಾಡಿಕೊಳ್ಳುವವರು ಹೋಟೆಲ್ ಕಾಫಿಯ ಬಗ್ಗೆ ಮಾತಾಡುತ್ತಾರಲ್ಲ, ಹಾಗೆ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆಯನ್ನು ಅವನು ಬಿಸಾಡುತ್ತಿರಲಿಲ್ಲ. ಮನೆಗೆ ತಂದು, ಉಜ್ಜಿ ಹೊಳಪು ಬರಿಸಿ, ಕಿಡಿ ಹೊತ್ತಿಸುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ತೋಟಾ ಮಾಡುತ್ತಿದ್ದ. ಮೊಂಟಾನಾದ ಆ ಊರಿನಲ್ಲಿ ಇದೇನೂ ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಹಿಮ ಬಿದ್ದು ರಸ್ತೆ ಮುಚ್ಚಿತೆಂದರೆ ಅರ್ಧ ಊರಿನ ಗಂಡಸರು, ಒಂದಿಷ್ಟು ಹೆಂಗಸರೂ, ಹೊತ್ತು ಕಳೆಯುವುದು ಹೀಗೆಯೇ. ರೈಲ್ವೆ ಕೆಲಸದಿಂದ ನಿವೃತ್ತನಾದ ಮೇಲಂತೂ ಗಾರ್ಲಂಡ್ ನೆಲಮಾಳಿಗೆ ಬಿಟ್ಟು ಮೇಲೆ ಬರುತ್ತಿದ್ದುದು ಊಟಕ್ಕೆ ಮಾತ್ರ. ಹೆಂಡತಿ ಆರ್ಡಿಸ್ ತಕರಾರು ತೆಗೆಯಲಿಲ್ಲ. ಗಂಡ ಕೆಳಗಿದ್ದರೆ ಮೇಲಿನ ಮನೆ ನೆಮ್ಮದಿಯಾಗಿರುತ್ತದೆ ಎಂಬುದು ಅವಳ ಅನುಭವ.

ಊಟ ಬಿಟ್ಟರೆ ಅವನನ್ನು ಮೇಲಕ್ಕೆ ಎಳೆಯುತ್ತಿದ್ದವಳು ಮೊಮ್ಮಗಳು ಜೂನಿ. ಮಗಳು ಕೊರಿನ್ ಗಂಡನನ್ನು ಬಿಟ್ಟು ತವರಿಗೆ ಬಂದಾಗ ಜೂನಿ ಕೈಗೂಸು. ಈಗ ಕುರ್ಚಿ ಹಿಡಿದು ನಡೆಯುತ್ತಿದ್ದಳು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಿದ್ದಳು. ಕೊರಿನ್ ಬ್ಯಾಂಕಿಗೆ ಹೋದ ಮೇಲೆ ಮಗು ಇಡೀ ದಿನ ತಾತ ಅಜ್ಜಿಯ ಮಡಿಲಲ್ಲಿ.

ಲಸಿಕೆ ಹಾಕಿಸಲು ಹೋದಾಗ ಆಸ್ಪತ್ರೆಯವರು ರೂಢಿಯಂತೆ ಬೆರಳು ಚುಚ್ಚಿ ರಕ್ತ ತೆಗೆದರು. ರಕ್ತದಲ್ಲಿ ಸೀಸ ಇದೆ, ಇರಬಾರದಷ್ಟಿದೆ ಎಂದು ತಿಳಿಸಿದರು. ಈ ಮಟ್ಟಕ್ಕೆ ಔಷಧಿ ಕೊಡುವುದಿಲ್ಲ, ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸುವುದೇ ಮದ್ದು ಎಂದರು ಡಾಕ್ಟರು. ಬೆಳೆಯುವ ಮಿದುಳಿಗೆ ಸೀಸ ಒಳ್ಳೆಯದಲ್ಲ, ಮುಂದೆ ಓದು, ಮಾತು, ನಡತೆ ಎಲ್ಲಕ್ಕೂ ತೊಡಕಾಗಬಹುದು ಎಂದೂ ಹೇಳಿದರು. ಮಗು ನೋಡಲು ಗುಂಡುಗುಂಡಾಗಿ ಚೆನ್ನಾಗಿಯೇ ಇತ್ತು. ಕೊರಿನ್‌ಗೆ ಅದೇ ಹೆದರಿಕೆ ಹುಟ್ಟಿಸಿತು.

ಗಾರ್ಲಂಡ್ ಕೈಕಟ್ಟಿ ಕೂರುವ ಆಸಾಮಿಯಲ್ಲ. ನಲ್ಲಿಯ ನೀರನ್ನು ಪರೀಕ್ಷೆಗೆ ಕಳಿಸಿದ. ನೀರು ಚೊಕ್ಕವಾಗಿತ್ತು. ಕಿಟಕಿಯ ಬಣ್ಣ ಪರೀಕ್ಷೆ ಮಾಡಿಸಿದ. ಸೀಸದ ಬಣ್ಣ ನಿಂತುಹೋದ ಮೇಲೆ ಕಟ್ಟಿದ ಮನೆ ಅದು, ಅಲ್ಲೂ ಏನೂ ಸಿಗಲಿಲ್ಲ. ಕೊನೆಗೆ ಕೊರಿನ್‌ಳ ಮಾಜಿ ಅತ್ತೆ ಕ್ರಿಸ್‌ಮಸ್ಸಿಗೆ ಕಳಿಸಿದ್ದ ಬಣ್ಣದ ಮರದ ಕುದುರೆಯನ್ನು ಕಸದ ಡಬ್ಬಿಗೆ ಹಾಕಿದ. ಆ ಕೆಲಸವನ್ನು ಸ್ವಲ್ಪ ಖುಷಿಯಿಂದಲೇ ಮಾಡಿದ ಎನ್ನಬೇಕು. ಇಷ್ಟೆಲ್ಲ ಆದ ಮೇಲೆ ಮತ್ತೆ ರಕ್ತ ತೆಗೆದರೆ ಸೀಸ ಇಳಿದಿರಲಿಲ್ಲ, ಏರಿತ್ತು.

ಕೊರಿನ್ ಪಕ್ಕದ ಊರಿನಲ್ಲಿ ಬಾಡಿಗೆ ಮನೆ ಹುಡುಕತೊಡಗಿದಳು. ಜಗಳವೇನೂ ಆಡಲಿಲ್ಲ. "ಅಪ್ಪಾ, ಈ ಮನೇಲಿ ಏನೋ ಇದೆ. ಏನು ಅಂತ ಗೊತ್ತಾಗ್ದೆ ಇವಳನ್ನ ಇಲ್ಲಿಟ್ಕೊಂಡು ಕೂರಕ್ಕೆ ನನ್ನಿಂದಾಗಲ್ಲ" ಎಂದಳು ಅಷ್ಟೆ. ಗಾರ್ಲಂಡ್‌ಗೆ ಅಂದು ಊಟ ಸೇರಲಿಲ್ಲ. ಮಗು ಮನೆಯಿಂದ ಹೋಗುವುದು ಅವನಿಗೆ ಬೇಡವಾಗಿತ್ತು, ಆದರೆ ಬಾಯಿಬಿಟ್ಟು ಹೇಳುವ ಜಾಯಮಾನವಲ್ಲ.

ಆರ್ಡಿಸ್ ಲಾವಾನ್‌ಗೆ ಫೋನ್ ಮಾಡಿದಳು. ಲಾವಾನ್ ರಸ್ಕ್ ಜಿಲ್ಲಾ ಆರೋಗ್ಯ ಕಚೇರಿಯ ನರ್ಸು. ಊರಿನ ಗುರಿ ಹೊಡೆಯುವ ಕ್ಲಬ್ಬಿನಲ್ಲಿ ಗಾರ್ಲಂಡ್‌ಗಿಂತ ಚೆನ್ನಾಗಿ ಹೊಡೆಯುವ ಹೆಂಗಸು, ತನ್ನ ತೋಟಾ ತಾನೇ ಮಾಡಿಕೊಳ್ಳುವವಳು. ಗಾರ್ಲಂಡ್ ಇದನ್ನು ಇನ್ನೂ ಮನಸ್ಸಿನಲ್ಲಿ ಕ್ಷಮಿಸಿರಲಿಲ್ಲ. ಅವಳು ಬಂದು ಅಡಿಗೆಮನೆಯಲ್ಲಿ ಕಾಫಿ ಹಿಡಿದು ಕೂತು, ಮನೆಯಲ್ಲಿ ಯಾರು ಯಾರು ಏನೇನು ಕೆಲಸ ಮಾಡುತ್ತೀರಿ ಎಂದು ಕೇಳಿದ್ದೇ ತಡ, ಇವನೇ ಬಾಯಿ ಹಾಕಿದ.

"ತೋಟಾ ಮಾಡೋ ನನ್ನ ಬೆಂಚಿನ ಮೇಲೆ ಕಣ್ಣು ಹಾಕ್ಬೇಡ ಲಾವಾನ್. ಸೀಸದ ಗುಂಡು ಬಿಟ್ಟು ಎಷ್ಟೋ ದಿನ ಆಯ್ತು. ಈಗೆಲ್ಲ ಬರೀ ತಾಮ್ರ."

"ಯಾಕೆ ಬಿಟ್ಟೆ?"

"ಬೇಟೆ ಮಾಂಸದಲ್ಲಿ ಸೀಸದ ಚೂರು ಉಳ್ಕೊಳ್ಳುತ್ತೆ ಅಂತ ಕ್ಲಬ್ಬಲ್ಲಿ ಭಾಷಣ ಬಿಗಿದೋಳು ನೀನೇ ತಾನೆ? ಮಗು ತಿನ್ನೋ ಮಾಂಸ ಅಂತ ಬಿಟ್ಟೆ. ಜೇಬು ಖಾಲಿ ಆಯ್ತು, ಆದ್ರೂ ಬಿಟ್ಟೆ."

"ಒಳ್ಳೇದು ಮಾಡ್ದೆ. ನಡಿ ಕೆಳಗೆ, ಹೇಗೆ ಮಾಡ್ತೀಯ ತೋರ್ಸು. ನಿನ್ನಿಂದ ನಾನು ಕಲಿಯೋದು ಏನಾದ್ರೂ ಇರ್ಬಹುದು."

ಈ ಮಾತಿಗೆ ಗಾರ್ಲಂಡ್ ಉಬ್ಬಿಹೋದ. ನೆಲಮಾಳಿಗೆಗೆ ಕರೆದೊಯ್ದು ಒಂದೊಂದಾಗಿ ತೋರಿಸಿದ. ಮದ್ದಿನ ಡಬ್ಬಗಳಿಗೆ ಬೀಗವಿತ್ತು. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ಮದ್ದು ಇಡುವ ಶಿಸ್ತಿತ್ತು, ಕಣ್ಣಿಗೆ ಕನ್ನಡಕವಿತ್ತು. ಇದೆಲ್ಲ ಕಂಡು ಲಾವಾನ್ ನಿಜವಾಗಿಯೂ ತಲೆದೂಗಿದಳು. ಆದರೆ ಬೆಂಚಿನ ಮೂಲೆಯಲ್ಲಿ ಅರ್ಧ ಕುಡಿದ ಕಾಫಿ ಲೋಟವೂ ಇತ್ತು. ಬೆಂಚಿನ ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರ, ಅದರ ಮೇಲೆ ಕಟ್ಟಿದ ಹಗ್ಗದಲ್ಲಿ ಜೂನಿಯ ಅಂಗಿ, ಕಾಲುಚೀಲ ಒಣಗುತ್ತಿದ್ದವು.

ಖಾಲಿ ಕೊಳವೆ ಉಜ್ಜುವುದಕ್ಕೆ ಒಂದು ಕುಲುಕುವ ಡಬ್ಬವಿರುತ್ತದೆ. ಮೆಕ್ಕೆಜೋಳದ ದಿಂಡಿನ ತರಿ ತುಂಬಿ, ಕೊಳವೆ ಹಾಕಿ ಗುಂಡಿ ಒತ್ತಿದರೆ ಗಡಗಡ ಕುಲುಕುತ್ತಾ ಅದೇ ಉಜ್ಜುತ್ತದೆ. ಆಮೇಲೆ ತರಿ ಬೇರೆ, ಕೊಳವೆ ಬೇರೆ ಮಾಡಬೇಕು. ಗಾರ್ಲಂಡ್ ಡಬ್ಬದ ಮುಚ್ಚಳ ತೆಗೆದು ಎಲ್ಲವನ್ನೂ ಒಂದು ತೂತಿನ ಪಾತ್ರೆಗೆ ಸುರಿದು, ಜರಡಿ ಹಿಡಿದಂತೆ ಅಲ್ಲಾಡಿಸಿದ. ಸಣ್ಣ ಕಿಟಕಿಯಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಧೂಳು ಎದ್ದು ಹಗ್ಗದ ಕಡೆಗೆ ತೇಲಿತು. ಲಾವಾನ್ ಹಿಂದಕ್ಕೆ ಸರಿದಳು.

"ಮುಚ್ಚು ಅದನ್ನ" ಎಂದಳು.

"ಯಾಕೆ? ಜೋಳದ ಧೂಳು."

"ಜೋಳ ಕಪ್ಪಗಿರುತ್ತಾ?"

ಗಾರ್ಲಂಡ್ ಪಾತ್ರೆ ನೋಡಿದ. ತರಿ ಕೊಂಡಾಗ ಹೊಂಬಣ್ಣಕ್ಕಿತ್ತು, ಈಗ ಬೂದಿಯ ಹಾಗಿತ್ತು. ಹಿತ್ತಾಳೆಯ ಕೊಳೆ ಎಂದುಕೊಂಡಿದ್ದ.

"ನೋಡು, ನೀನು ಗುಂಡು ಬದಲಾಯಿಸ್ದೆ, ಕೇಪಿನ ಬಗೆ ಬದಲಾಯಿಸ್ಲಿಲ್ಲ" ಎಂದಳು ಲಾವಾನ್. "ನೀನು ತರೋ ಕೇಪಿನ ಒಳಗೆ ಕಿಡಿ ಹೊತ್ತಿಸೋದೇ ಸೀಸ ಬೆರೆಸಿದ ಮದ್ದು. ಕಿಡಿ ಹೊತ್ತಿ ಆರಿಹೋಗುತ್ತೆ, ಸೀಸ ಮಸಿಯಾಗಿ ಕೊಳವೇಲೇ ಕೂರುತ್ತೆ. ಅದನ್ನ ನೀನು ಉಜ್ಜಿ ಉಜ್ಜಿ ಹೊರಗೆ ತಂದು ಮನೆಗೆಲ್ಲ ಹಂಚ್ತಿದ್ದೀಯ. ಗುಂಡು ತಾಮ್ರದ್ದೋ ಬಂಗಾರದ್ದೋ, ಈ ಮಸಿಗೆ ಅದರಿಂದ ಏನೂ ಆಗಲ್ಲ."

ಅಷ್ಟರಲ್ಲಿ ಬಟ್ಟೆಯ ಬುಟ್ಟಿ ಹಿಡಿದು ಆರ್ಡಿಸ್ ಇಳಿದು ಬಂದಳು. ಅವಳ ಕಣ್ಣು ಬಿದ್ದದ್ದು ಗಂಡನ ಮುಖದ ಮೇಲಲ್ಲ, ಕೈಯಲ್ಲಿದ್ದ ಪಾತ್ರೆಯ ಮೇಲೆ.

"ಅದು ನಾನು ನೂಡಲ್ಸ್ ಬಸಿಯೋ ಪಾತ್ರೆ ಅಲ್ವಾ?"

"ತೊಳೆದೇ ಇಡ್ತಿದ್ದೆ" ಎಂದ ಗಾರ್ಲಂಡ್.

"ಮದುವೆ ಆದಾಗಿಂದ ನಾನು ನಿನಗೆ ಬಡಿಸ್ತಿದ್ದೀನಿ ಅಂದ್ಕೊಂಡಿದ್ದೆ. ನೀನು ನಮಗೆಲ್ಲ ಏನು ಬಡಿಸ್ತಿದ್ದೆ ಅಂತ ಇವತ್ತು ಗೊತ್ತಾಯ್ತು" ಎಂದು ಆರ್ಡಿಸ್ ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಬುಟ್ಟಿಗೆ ಹಾಕಿಕೊಂಡಳು.

ಇಬ್ಬರು ಹೆಂಗಸರ ನಡುವೆ ಸಿಕ್ಕಿಬಿದ್ದ ಗಂಡಸು ಸುಲಭವಾಗಿ ಸೋಲೊಪ್ಪುವುದಿಲ್ಲ. ಇಷ್ಟು ವರ್ಷ ಈ ಧೂಳಲ್ಲೇ ಇದ್ದೇನೆ, ನನಗೆ ಏನಾಗಿದೆ ಎಂದು ಗಾರ್ಲಂಡ್ ವಾದಕ್ಕಿಳಿದ. ಕೈ ನಡುಗುವುದಿಲ್ಲ, ಕಣ್ಣು ಮಂಜಾಗಿಲ್ಲ, ಕಳೆದ ಋತುವಿನಲ್ಲಿ ಒಂದೇ ಗುಂಡಿಗೆ ಎಲ್ಕ್ ಜಿಂಕೆ ಕೆಡವಿದ್ದೇನೆ ಎಂದ. ಲಾವಾನ್ ವಾದ ಬೆಳೆಸಲಿಲ್ಲ. ಹಾಗಾದರೆ ನೀನೂ ರಕ್ತ ಕೊಡು, ಸರಿಯಿದ್ದರೆ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ ಎಂದಳು. ಅಂಥ ಸುಖಕ್ಕೆ ಗಾರ್ಲಂಡ್ ಒಂದು ಬಿಂದಿಗೆ ರಕ್ತವನ್ನಾದರೂ ಕೊಡುತ್ತಿದ್ದ. ಲಾವಾನ್ ಒದ್ದೆ ಕಾಗದದಿಂದ ಮೆಟ್ಟಿಲು, ನೆಲ, ಮೇಲೆ ಹಾಲ್‌ನಲ್ಲಿ ಗಾರ್ಲಂಡ್ ಕೂರುವ ಸೋಫಾದ ಕೈ ಇವನ್ನೆಲ್ಲ ಒರೆಸಿ, ಬೇರೆ ಬೇರೆ ಚೀಲಕ್ಕೆ ಹಾಕಿ ಪರೀಕ್ಷೆಗೆ ಕಳಿಸಿದಳು.

ಫಲಿತಾಂಶ ಬಂದಾಗ ಫೋನಿನಲ್ಲಿ ಹೇಳದೆ ಅವಳೇ ಮನೆಗೆ ಬಂದಳು. ಒರೆಸಿದ ಕಡೆಯಲ್ಲೆಲ್ಲ ಸೀಸ ಸಿಕ್ಕಿತ್ತು. ಗಾರ್ಲಂಡ್‌ನ ರಕ್ತದಲ್ಲಿ ಮಗುವಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಮರೆವು, ಸುಸ್ತು, ಕೀಲುನೋವು ಎಂದು ಅವನು ವಯಸ್ಸಿನ ತಲೆಗೆ ಕಟ್ಟಿದ್ದರಲ್ಲಿ ಎಷ್ಟು ಭಾಗ ಇದರದ್ದೋ, ಡಾಕ್ಟರಿಗೆ ತೋರಿಸು ಎಂದಳು. ಗಾರ್ಲಂಡ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನನ್ನದು ಬಿಡು. ಮಗೂಗೆ ಹೋಗಿದ್ದು ನನ್ನಿಂದ್ಲಾ?"

ಲಾವಾನ್ ಪಕ್ಕದಲ್ಲಿ ನಿಂತಿದ್ದ ಕೊರಿನ್ ಕಡೆ ಒಮ್ಮೆ ನೋಡಿದಳು. ಆಮೇಲೆ ನೇರವಾಗಿ ಹೇಳಿದಳು.

"ಹೌದು, ನಿನ್ನಿಂದ್ಲೇ. ನಿನ್ನ ಅಂಗಿಯಿಂದ, ಕೈಯಿಂದ, ಬೂಟಿಂದ. ಕೆಳಗಿಂದ ಬಂದೋನು ಹಾಗೇ ಅವಳನ್ನ ಎತ್ಕೊಂಡು ಸೋಫಾ ಮೇಲೆ ಕೂರ್ತಿದ್ದೆ. ಅವಳು ನಿನ್ನ ಅಂಗಿ ಹಿಡಿದು, ಆ ಬೆರಳು ಬಾಯಿಗೆ ಇಡ್ತಿದ್ಲು."

ಗಾರ್ಲಂಡ್‌ಗೆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಕುದುರೆ ಬೊಂಬೆ, ನಲ್ಲಿ, ಕಿಟಕಿ ಎಂದು ಊರೆಲ್ಲ ಹುಡುಕಿದ್ದ, ತನ್ನನ್ನು ಬಿಟ್ಟು. ಎದ್ದು ಕೆಳಗೆ ಹೋಗಿ ಸಾಮಾನೆಲ್ಲ ಪೆಟ್ಟಿಗೆಗೆ ತುಂಬತೊಡಗಿದ. ಎಲ್ಲ ಮಾರಿಬಿಡುತ್ತೇನೆ ಎಂದ. ಮೆಟ್ಟಿಲ ಮೇಲೆ ನಿಂತು ಲಾವಾನ್ ತಡೆದಳು.

"ಮಾರು ಅಂತ ಯಾರು ಹೇಳಿದ್ರು? ನಾನು ಬಿಟ್ಟಿದ್ದೀನಾ? ಮಗು ಇರೋ ಮನೆಯಿಂದ ಆಚೆಗೆ ಹಾಕು ಅಂತಿದ್ದೀನಿ ಅಷ್ಟೆ."

ಹಾಗೆಯೇ ಆಯಿತು. ಹಿತ್ತಲಿನ ಶೆಡ್ಡಿಗೆ ಬೆಂಚು ಹೋಯಿತು, ಬೀಗದ ಕಪಾಟೂ ಹೋಯಿತು. ಗಡಗಡ ಡಬ್ಬದ ಜಾಗಕ್ಕೆ ಸೋಪುನೀರಿನಲ್ಲಿ ತೊಳೆಯುವ ಡಬ್ಬ ಬಂತು. ಒದ್ದೆಯಲ್ಲಿ ಧೂಳು ಏಳುವುದಿಲ್ಲ. ಕೊಳೆನೀರನ್ನು ಮಾತ್ರ ತೋಟಕ್ಕೋ ಮೋರಿಗೋ ಚೆಲ್ಲಬಾರದು ಎಂದು ಲಾವಾನ್ ಒತ್ತಿ ಹೇಳಿದ್ದಳು, ಅದನ್ನು ಡಬ್ಬಿಯಲ್ಲಿ ಹಿಡಿದಿಟ್ಟು ಅಪಾಯದ ಕಸ ತೆಗೆದುಕೊಳ್ಳುವ ಕಡೆ ಕೊಟ್ಟು ಬರುತ್ತಿದ್ದ. ಕೆಲಸದ ಅಂಗಿ, ಬೂಟು ಶೆಡ್ಡಿನಲ್ಲೇ ಉಳಿದವು, ಅವನ್ನು ಮನೆಯ ಬಟ್ಟೆಯ ಜೊತೆ ಒಗೆಯುವಂತಿರಲಿಲ್ಲ. ಕಾಫಿ ಲೋಟಕ್ಕೆ ಒಳಗೆ ಪ್ರವೇಶವಿಲ್ಲ. ಆರ್ಡಿಸ್ ಮನೆಯನ್ನೆಲ್ಲ ಒದ್ದೆಬಟ್ಟೆಯಲ್ಲಿ ಒರೆಸಿದಳು, ಪೊರಕೆ ಆಡಿಸಿದರೆ ಧೂಳು ಜಾಗ ಬದಲಾಯಿಸುತ್ತದೆಯೇ ಹೊರತು ಹೋಗುವುದಿಲ್ಲ. ಸೋಫಾ ಬದಲಾಯಿತು. ನೂಡಲ್ಸ್ ಪಾತ್ರೆ ಗಾರ್ಲಂಡ್‌ಗೇ ದಾನವಾಯಿತು. ಮುಂದಿನ ಪರೀಕ್ಷೆಯವರೆಗೆ ನೋಡುತ್ತೇನೆ ಎಂದಳು ಕೊರಿನ್.

ಕಷ್ಟವಾದದ್ದು ಒಂದೇ. ಶೆಡ್ಡಿನಿಂದ ಬಂದ ತಾತನನ್ನು ಕಂಡರೆ ಜೂನಿ ಎರಡೂ ಕೈ ಚಾಚಿ ತಟತಟ ಓಡಿ ಬರುತ್ತಿದ್ದಳು. ಅವನು ಪೊಲೀಸರಿಗೆ ಸಿಕ್ಕವನಂತೆ ಕೈ ಮೇಲೆತ್ತಿಕೊಂಡು ಅವಳನ್ನು ದಾಟಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೊರಗೆ ಮಗು ಬಾಗಿಲು ಬಡಿದು ಗೋಳೋ ಎಂದು ಅಳುತ್ತಿತ್ತು. ಒಳಗೆ ಅವನು ಸೋಪು ಹಚ್ಚಿ ಉಗುರುಸಂದಿ ತಿಕ್ಕುತ್ತಾ, "ಬಂದೆ ಪುಟ್ಟಾ, ಬಂದೆ" ಎನ್ನುತ್ತಿದ್ದ. ಮೊದಲ ಸಲ ಅವನ ಕಣ್ಣಲ್ಲೂ ನೀರು ಬಂದಿತ್ತು. ಮುಖ ತೊಳೆಯಬೇಕಾಗಿಯೇ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಹಿಮ ಕರಗುವ ಹೊತ್ತಿಗೆ ಮತ್ತೆ ಬೆರಳು ಚುಚ್ಚಿದರು. ಸೀಸ ಇಳಿದಿತ್ತು. ಪೂರಾ ಹೋಗಲು ಇನ್ನೂ ಕಾಲ ಬೇಕು, ಆದರೆ ಇಳಿಯುತ್ತಿದೆ ಎಂದರು. ಕೊರಿನ್ ಬಾಡಿಗೆ ಮನೆಯವರಿಗೆ ಬರುವುದಿಲ್ಲ ಎಂದು ತಿಳಿಸಿದಳು.

ಓದುತ್ತಿರುವ ನಿಮ್ಮಲ್ಲಿ ತೋಟಾ ತುಂಬುವವರು ಯಾರಾದರೂ ಇದ್ದರೆ ಬಿಡಿ ಎಂದು ನಾವು ಹೇಳುತ್ತಿಲ್ಲ. ತಾಮ್ರದ ಗುಂಡು ಹಾಕುತ್ತೇವೆ, ನಮಗೇನೂ ಆಗದು ಎಂದು ಮಾತ್ರ ಕೂರಬೇಡಿ. ಸೀಸ ಕೇಪಿನಲ್ಲಿದೆ, ಕೇಪಿನ ಮಸಿಯಲ್ಲಿದೆ. ತೋಟಾ ಮುಟ್ಟದವರೂ ಕೇಳಿ: ಹಳೇ ಬ್ಯಾಟರಿ ಒಡೆಯುವವರು, ಬೆಸುಗೆ ಹಾಕುವವರು, ಹಳೇ ಬಣ್ಣ ಕೆರೆಯುವವರು ಮನೆಯಲ್ಲಿದ್ದರೆ ಅವರ ಅಂಗಿಯಲ್ಲೂ ಇದೇ ಧೂಳು ಇರಬಹುದು. ಆ ಕೆಲಸದ ಸಾಮಾನು ಅಡಿಗೆಮನೆಗೆ ಬರದಿರಲಿ, ಅಡಿಗೆಮನೆಯ ಸಾಮಾನು ಅಲ್ಲಿಗೆ ಹೋಗದಿರಲಿ. ಮಗು ಚೆನ್ನಾಗಿ ಕಾಣುತ್ತಿದೆ ಎಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸಿ. ಕೆಲಸ ಮುಗಿಸಿ ಒಳಗೆ ಬಂದಾಗ ಮಗು ಕೈ ಚಾಚಿ ಓಡಿ ಬಂದರೆ ಎತ್ತಿಕೊಳ್ಳಬೇಡಿ, ನೇರ ಬಚ್ಚಲಿಗೆ ಹೋಗಿ. ಅತ್ತರೆ ಅಳಲಿ. ಅಂಗಿ ಬದಲಿಸಿ, ಕೈ ತೊಳೆದು ಬಂದು ಎತ್ತಿಕೊಳ್ಳಿ.